ಅವನ ಹೆಲ್ಮೆಟ್ ನೋಡ್ರಪ್ಪಾ

ಫೈನಲ್ ಇಯರ್ ಬಿಎ, ಐಚ್ಛಿಕ ಇಂಗ್ಲಿಷ್ ಕ್ಲಾಸಲ್ಲಿ ನಾವಿದ್ದಿದ್ದೇ 11 ಜನ. ರೊಮ್ಯಾಂಟಿಕ್ ಕವಿಗಳ ಪೇಪರ್ ತಗೊಳ್ತಿದ್ದ ಮೇಡಂ ಒಂದಿನ ಪುಸ್ತಕನೇ ತರದೆ ಬಂದು ಒಂದು ಚಿತ್ರದ ಜೆರಾಕ್ಸ್ ಹಂಚಿದ್ರು. ಅರ್ಧಕ್ಕರ್ಧ ಮಸಿ ಮಸಿ. ಎತ್ತರದ ಮರಗಳು, ಕೆಳಗೆ ಹಿಮ, ನಮ್ಮ ಕಡೆ ಬೆನ್ನು ಮಾಡಿ ನಿಂತಿರೋ ಪುಟ್ಟ ಮನುಷ್ಯ, ಈಚೆ ಕಡಿದ ಮರದ ಬೊಡ್ಡೆ ಮೇಲೊಂದು ಕಾಗೆ. ನಾವೆಲ್ಲ ಒಂಟಿತನ, ಪ್ರಕೃತಿ, ಸಾವು ಅಂತ ಗೈಡ್‌ನಲ್ಲಿರೋ ಪದಗಳನ್ನೆಲ್ಲ ಹೇಳಿದ್ವಿ. ಮೇಡಂ ಪೂರ್ತಿ ಕೇಳಿಸ್ಕೊಂಡು, "ಅವನ ಹೆಲ್ಮೆಟ್ ನೋಡ್ರಪ್ಪಾ" ಅಂದ್ರು.

ಅವನು ಫ್ರೆಂಚ್ ಸೈನಿಕ. ಚಿತ್ರ ಬರೆದಿದ್ದು ಜರ್ಮನ್ ಚಿತ್ರಕಾರ ಕ್ಯಾಸ್ಪರ್ ಡೇವಿಡ್ ಫ್ರೆಡ್ರಿಕ್, 1814ರ ಹೊತ್ತಿಗೆ. 1806ರಲ್ಲಿ ಯೇನಾದಲ್ಲಿ ಫ್ರೆಂಚರ ನೆಪೋಲಿಯನ್ ಪ್ರಷ್ಯಾ ಅನ್ನೋ ಜರ್ಮನ್ ರಾಜ್ಯನ ಸೋಲಿಸಿದ್ದ, 1813ರಲ್ಲಿ ಲೈಪ್‌ಜಿಗ್‌ನಲ್ಲಿ ತಾನೇ ಸೋತ. ಅಂದ್ರೆ ಆ ಮರಗಳು ಬರೀ ಮರಗಳಲ್ಲ, ಪರದೇಶದ ಸೈನಿಕನನ್ನ ನುಂಗೋಕೆ ಸುತ್ತ ನಿಂತಿರೋ ಜರ್ಮನ್ ಕಾಡು. ನನಗೆ ನಿಜವಾಗ್ಲೂ ಬೇಜಾರಾಯ್ತು. ಕವಿತೆ ಚಿತ್ರ ಎಲ್ಲ ರಾಜಕೀಯದ ಗಲೀಜು ತಾಗದೇ ಇರೋ ಜಾಗ ಅಂತ ನಂಬ್ಕೊಂಡೇ ಆ ಕ್ಲಾಸಿಗೆ ಸೇರಿದ್ದವನು ನಾನು. ಎದ್ದು ನಿಂತು, "ಸೌಂದರ್ಯಕ್ಕೂ ದೇಶಕ್ಕೂ ಯಾಕ್ ಮೇಡಂ ಗಂಟು ಹಾಕ್ತೀರಾ" ಅಂತ ಕೇಳೇಬಿಟ್ಟೆ.

ಅದಕ್ಕೆ ಉತ್ತರ ಹೇಳೋಕೆ ಅವರು ಎರಡು ವಾರ ತಗೊಂಡ್ರು, ಸಿಲಬಸ್ಸಲ್ಲಿ ಇಲ್ದಿರೋದನ್ನೆಲ್ಲ ಹೇಳಿದ್ರು. ಆಗ ಜರ್ಮನಿ ಅಂತ ಒಂದು ದೇಶನೇ ಇರ್ಲಿಲ್ಲ, ಅದು ಆಗಿದ್ದು 1871ರಲ್ಲಿ, ಇದ್ದಿದ್ದೆಲ್ಲ ಚೂರುಚೂರು ರಾಜ್ಯಗಳು. ನಕ್ಷೆಯಲ್ಲಿ ಇಲ್ಲದ ದೇಶನ ಜನ ಹಾಡಲ್ಲಿ, ಕಾಡಲ್ಲಿ, ಅಜ್ಜಿ ಕಥೇಲಿ ಹುಡುಕ್ತಿದ್ರು. ಹರ್ಡರ್ ಅನ್ನೋ ಜರ್ಮನ್ ಚಿಂತಕ 1778-79ರಲ್ಲಿ ಜನಪದ ಹಾಡುಗಳನ್ನ ಸೇರಿಸಿ ಪ್ರಿಂಟ್ ಮಾಡಿಸಿದಾಗ ಅದರಲ್ಲಿ ಜರ್ಮನ್ ಮಾತ್ರ ಅಲ್ಲ, ಲ್ಯಾಟ್ವಿಯಾ, ಎಸ್ಟೋನಿಯಾ, ಸ್ಪೇನ್ ಕಡೆಯ ಹಾಡುಗಳೂ ಇದ್ವು, ಎಲ್ಲರ ನುಡಿಗೂ ಅದರದ್ದೇ ದನಿ ಇದೆ ಅನ್ನೋದು ಅವನ ನಂಬಿಕೆ. ಈ ಮಾತು ಬಂದಾಗ ಮೇಡಂ ನಮ್ಮೂರಿನ ವಿಷಯನೂ ತಂದ್ರು, 1924ರಲ್ಲಿ ಮೈಸೂರಲ್ಲಿ ಇಂಗ್ಲಿಷ್‌ನಲ್ಲಿ ಪದ್ಯ ಬರೀತಿದ್ದ ಹುಡುಗ ಕುವೆಂಪುಗೆ ಐರಿಶ್ ಕವಿ ಜೇಮ್ಸ್ ಕಸಿನ್ಸ್ ನಿನ್ನ ಭಾಷೇಲಿ ಬರಿ ಅಂದಿದ್ದು. ಆ ಹುಡುಗನೇ ಮುಂದೆ ನಮ್ಮ ನಾಡಗೀತೆ ಬರೆದ, ಅದರಲ್ಲಿ ಕರ್ನಾಟಕ ಭಾರತದ ಮಗಳು. ಒಂದು ಪ್ರೀತಿಗೆ ಜಾಗ ಕೊಡೋಕೆ ಇನ್ನೊಂದನ್ನ ಹೊರಗೆ ಹಾಕಬೇಕಿಲ್ಲ ಅಂತ ಮೇಡಂ ಹೇಳಿದ್ದು ಇವತ್ತಿಗೂ ಹಾಗೇ ಕಿವೀಲಿದೆ.

ಆಮೇಲೆ ಕಥೆ ತಿರುಗುತ್ತೆ. ಫ್ರೆಂಚ್ ಸೈನ್ಯ ಬರ್ಲಿನ್‌ನಲ್ಲಿ ಕೂತಿರುವಾಗಲೇ, 1807-08ರ ಚಳಿಗಾಲದಲ್ಲಿ, ಫಿಖ್ಟೆ ಅನ್ನೋ ತತ್ವಜ್ಞಾನಿ ಅಲ್ಲಿ ಜರ್ಮನ್ ಜನಾಂಗಕ್ಕೆ ಅಂತ ಭಾಷಣಗಳನ್ನ ಕೊಟ್ಟ, ಅದರಲ್ಲಿ ನಮ್ಮ ಭಾಷೆ ಮಾತ್ರ ಜೀವಂತ ಅನ್ನೋ ಧಾಟಿ ಬಂತು. 1812ರಲ್ಲಿ ಗ್ರಿಮ್ ಅಣ್ಣತಮ್ಮಂದಿರು ಅಜ್ಜಿ ಕಥೆಗಳ ಪುಸ್ತಕ ತಂದ್ರು. ಅವರಿಗೆ ಎಷ್ಟೋ ಕಥೆ ಹೇಳಿದ ಡೊರೊಥಿಯಾ ಫೀಮನ್ ಅನ್ನೋ ಹೆಂಗಸಿನ ಹಿರೀಕರು ಫ್ರಾನ್ಸ್‌ನಿಂದ ಧರ್ಮದ ಕಾರಣಕ್ಕೆ ಓಡಿ ಬಂದವರು! ಅಪ್ಪಟ ಜರ್ಮನ್ ಅಂದ್ಕೊಂಡ ಕಥೆಯೊಳಗೆ ಗಡಿ ದಾಟಿ ಬಂದವರ ಉಸಿರಿದೆ ಅಂತ ಕೇಳಿ ನಾನು ಆ ರಾತ್ರಿ ಹಾಸ್ಟೆಲಲ್ಲಿ ಸುಮಾರು ಹೊತ್ತು ಎದ್ದೇ ಇದ್ದೆ.

1817ರ ಅಕ್ಟೋಬರಲ್ಲಿ ವಾರ್ಟ್‌ಬರ್ಗ್ ಕೋಟೆಗೆ ಸೇರಿದ ವಿದ್ಯಾರ್ಥಿಗಳ ವಿಷಯ ಹೇಳ್ತಾ ಮೇಡಂ ದನಿ ಇಳಿಸಿದ್ರು. ನಮ್ಮ ವಯಸ್ಸಿನವರೇ, ಸ್ವಾತಂತ್ರ್ಯ ಏಕತೆ ಅಂತ ಹಾಡ್ತಾ ಬಂದವರು. ಅವರಲ್ಲಿ ಕೆಲವರು ಕೊನೆಗೆ ಪುಸ್ತಕಗಳ ಹೆಸರು ಬರೆದ ಕಾಗದದ ಕಟ್ಟುಗಳನ್ನ ಬೆಂಕಿಗೆ ಹಾಕಿದ್ರು. ಅದರಲ್ಲಿ ಒಂದು ಹೆಸರು ಸೌಲ್ ಆಶರ್ ಪುಸ್ತಕದ್ದು, ಈ ಜರ್ಮನ್ ಹುಚ್ಚು ಬೇಡ ಅಂತ ಎಚ್ಚರಿಸಿದ್ದ ಯಹೂದಿ ಲೇಖಕ ಅವನು. ಕಾಡನ್ನ, ಹಾಡನ್ನ ಪ್ರೀತಿಸಿದ್ದು ತಪ್ಪಲ್ಲ, ಆ ಪ್ರೀತಿ ಸಾಬೀತು ಮಾಡೋಕೆ ಒಬ್ಬ ಪರಕೀಯ ಬೇಕೇ ಬೇಕು ಅನ್ನಿಸಿದಾಗ ಅದು ಬೇರೆ ಏನೋ ಆಯ್ತು ಅಂತ ನನಗೆ ಅವತ್ತೇ ಅನ್ನಿಸ್ತು, ಈಗಲೂ ಹಾಗೇ ಅನ್ನಿಸುತ್ತೆ.

ಆಫೀಸ್ ಕೆಲಸದ ಮೇಲೆ ಡ್ರೆಸ್ಡೆನ್‌ಗೆ ಹೋದಾಗ ಆಲ್ಬರ್ಟಿನಮ್ ಮ್ಯೂಸಿಯಂನಲ್ಲಿ ಫ್ರೆಡ್ರಿಕ್‌ನ ಇನ್ನೊಂದು ಚಿತ್ರ ನೋಡ್ದೆ, ಚಂದ್ರನ್ನ ನೋಡ್ತಾ ನಿಂತಿರೋ ಇಬ್ಬರು. ಎ3 ಹಾಳೆಗಿಂತ ಸ್ವಲ್ಪ ದೊಡ್ಡದು ಅಷ್ಟೇ, ಇಷ್ಟು ಚಿಕ್ಕದಿರುತ್ತೆ ಅಂದ್ಕೊಂಡೇ ಇರ್ಲಿಲ್ಲ. ಫೋಟೋ ತೆಗೆದು ಮೇಡಂಗೆ ವಾಟ್ಸಾಪ್ ಮಾಡಿದೆ. ರಿಟೈರ್ ಆಗಿ ಎಷ್ಟೋ ವರ್ಷ ಆಯ್ತು ಅವರು, ಐದೇ ನಿಮಿಷಕ್ಕೆ ರಿಪ್ಲೈ ಬಂತು: "ಬಟ್ಟೆ ನೋಡಿದ್ಯಾ?"

ಇಬ್ಬರದ್ದೂ ಹಳೇ ಜರ್ಮನ್ ಕಾಲದ ಉಡುಪು. ನೆಪೋಲಿಯನ್ ವಿರುದ್ಧ ಹೋರಾಡಿದ ಹುಡುಗರು ಹಾಕ್ಕೊಳ್ತಿದ್ದಿದ್ದು, ಪತ್ರಿಕೆ, ವಿದ್ಯಾರ್ಥಿ ಸಂಘಗಳ ಬಾಯಿ ಕಟ್ಟಿದ 1819ರ ಕಾರ್ಲ್ಸ್‌ಬಾಡ್ ಆದೇಶಗಳಾದ್ಮೇಲೆ ಅದನ್ನ ತೊಟ್ರೆ ಸರ್ಕಾರಕ್ಕೇ ಅನುಮಾನ. ನಾನು ಚಂದ್ರನ್ನ ಮಾತ್ರ ನೋಡ್ಕೊಂಡು ಬಂದಿದ್ದೆ. ಇಲ್ಲ ಮೇಡಂ ಅಂತ ಟೈಪ್ ಮಾಡಿ ಮತ್ತೆ ಒಳಗೆ ಹೋದೆ.