ನಾಣೇಘಾಟ್‌ನ ಸುಂಕದ ಹಂಡೆ

ಮಹಾರಾಷ್ಟ್ರದ ಜುನ್ನರ್‌ನಿಂದ ಪಡುವಣಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ದಖ್ಖನ್ನಿನ ನೆಲ ಒಮ್ಮೆಲೇ ಮುಗಿದುಹೋಗುತ್ತದೆ. ಕೆಳಗೆ ಕೊಂಕಣ. ಎರಡರ ನಡುವಿನ ಹಳೆಯ ವ್ಯಾಪಾರದ ಘಟ್ಟದಾರಿಯೇ ನಾಣೇಘಾಟ್. ಮಳೆಗಾಲದಲ್ಲಿ, ಗಾಳಿಗೆ ಮೇಲಕ್ಕೆ ಚಿಮ್ಮುವ ಜಲಪಾತ ನೋಡಲು ಇಲ್ಲಿ ಜಾತ್ರೆಯೇ ನೆರೆಯುತ್ತದೆ. ನಾವು ಹೋದದ್ದು ನವೆಂಬರ್‌ನಲ್ಲಿ, ಹಾಗಾಗಿ ಕಾರು ನಿಲ್ಲಿಸಲಾದರೂ ಜಾಗ ಸಿಕ್ಕಿತು.

ದಾರಿಯ ಬಾಯಲ್ಲೇ ದೊಡ್ಡದೊಂದು ಕಲ್ಲಿನ ಹಂಡೆ. ಇಲ್ಲಿಯವರು ರಾಂಜಣ ಎನ್ನುತ್ತಾರೆ. ಸುಂಕದ ನಾಣ್ಯ ಬೀಳುತ್ತಿದ್ದದ್ದು ಇದರೊಳಗೇ ಎಂಬುದು ಊರಿನ ಮಾತು. ಇಣುಕಿದರೆ ತಳದಲ್ಲಿ ಪಾಚಿಗಟ್ಟಿದ ನೀರು, ಅದರ ಮೇಲೊಂದು ಚಿಪ್ಸ್ ಪೊಟ್ಟಣ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡವರು ಇಲ್ಲಿ ಎಷ್ಟು ಮಂದಿಯೋ!

ಹಂಡೆ ದಾಟಿದರೆ ಎರಡು ಬಂಡೆಗಳ ನಡುವಿನ ಸೀಳು. ಸೋಪಾರ, ಕಲ್ಯಾಣ್ ಬಂದರುಗಳಲ್ಲಿಳಿದ ಸರಕು ಇದರಲ್ಲೇ ಹತ್ತಿ ಜುನ್ನರ್, ಪೈಠಣ, ಅದರಾಚೆ ತೇರ್ ಎಂಬ ಊರಿನವರೆಗೂ ಹೋಗುತ್ತಿತ್ತು. ಗಾಡಿ ಹತ್ತುವ ಮಾತೇ ಇಲ್ಲ. ಹೇರು ಹೊತ್ತ ಎತ್ತು, ಕತ್ತೆ, ಇಲ್ಲವೇ ಆಳಿನ ತಲೆಯೇ ಗತಿ.

ಪಕ್ಕದ ಗುಹೆಯ ಗೋಡೆಗಳ ತುಂಬ ಶಾತವಾಹನ ರಾಣಿ ನಾಗನಿಕಾಳ ಬ್ರಾಹ್ಮಿ ಶಾಸನ. ಕ್ರಿ.ಪೂ. 1ನೇ ಶತಮಾನದ್ದೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅಶ್ವಮೇಧ, ರಾಜಸೂಯ ಮಾಡಿಸಿದ್ದು, ದಕ್ಷಿಣೆಯಾಗಿ ಕೊಟ್ಟ ಹಸು, ಆನೆ, ಕಾರ್ಷಾಪಣವೆಂಬ ನಾಣ್ಯಗಳು, ಎಲ್ಲಕ್ಕೂ ಅಂಕಿಗಳಲ್ಲೇ ಲೆಕ್ಕ. ಇಷ್ಟನ್ನೆಲ್ಲ ರಾಜಧಾನಿ ಬಿಟ್ಟು ಈ ಕಾಡಿನಲ್ಲೇಕೆ ಕೆತ್ತಿಸಿದರು? ನನಗನ್ನಿಸುವುದಿಷ್ಟು: ಊರೂರಿನ ವರ್ತಕರು ಸುಂಕ ತೆರಲು ನಿಂತೇ ನಿಲ್ಲಬೇಕಾದ ಜಾಗ ಇದು. ಓದಲು ಬಾರದವನಿಗೂ ದೊರೆಮನೆತನ ಯಾವುದೆಂದು ತಿಳಿಯಲೆಂದು ಹಿಂದಿನ ಗೋಡೆಯಲ್ಲಿ ಉಬ್ಬುಚಿತ್ರಗಳಿದ್ದವು. ಈಗ ಉಳಿದಿರುವುದು ಮೇಲೆ ಸಿಮುಕ, ಸಾತಕರ್ಣಿ ಮುಂತಾದ ಹೆಸರು, ಕೆಳಗೆ ಪಾದಗಳ ಗುರುತು. ಶಾತವಾಹನ ದೊರೆಗಳನ್ನು ಮೈತುಂಬ ನೋಡಬೇಕೆಂದರೆ ನಮ್ಮ ಕಲಬುರಗಿ ಜಿಲ್ಲೆಯ ಕನಗನಹಳ್ಳಿ ಸ್ತೂಪದ ಚಪ್ಪಡಿಗಳಿಗೇ ಹೋಗಬೇಕು.

ಈ ದಾರಿಗೂ ಕೆಟ್ಟ ಕಾಲ ಬಂದಿತ್ತು. ಕ್ರಿ.ಶ. 1ನೇ ಶತಮಾನದ ಗ್ರೀಕ್ ನಾವಿಕರ ಕೈಪಿಡಿ ‘ಪೆರಿಪ್ಲಸ್’ ಪ್ರಕಾರ, ಕಲ್ಯಾಣ್‌ಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಗುಜರಾತಿನ ಭರೂಚ್ ಬಂದರಿಗೆ ಒಯ್ಯಲಾಗುತ್ತಿತ್ತು. ಪೈಠಣದ ಸರಕೂ ಅಲ್ಲಿಗೇ ಹೋಗುತ್ತಿತ್ತು, ಅದು 20 ದಿನದ ಪಯಣ ಎಂದೂ ಅದರಲ್ಲಿದೆ. ಎದುರಿಗೇ ಇಳಿಜಾರಿರುವಾಗ ಇಷ್ಟು ಸುತ್ತು!

ನಮಗೂ ಘಟ್ಟದ ಬುಡದ ವೈಶಾಖರೆ ಹಳ್ಳಿಯವರೆಗೆ ಇಳಿಯುವ ಹುಮ್ಮಸ್ಸಿತ್ತು. ಸವೆದು ನುಣುಪಾದ ಮೆಟ್ಟಿಲು ಕಂಡು ಮೊಣಕಾಲು ಒಪ್ಪಲಿಲ್ಲ. ಜುನ್ನರ್‌ಗೇ ಮರಳಿ ಮರುದಿನ ಗುಹೆಗಳನ್ನು ಸುತ್ತಿದೆವು. ಧಾನ್ಯ ವ್ಯಾಪಾರಿಗಳ ಶ್ರೇಣಿ, ಅಂದರೆ ಸಂಘ, ಒಂದು ಗುಹೆಯನ್ನೂ ನೀರಿನ ತೊಟ್ಟಿಯನ್ನೂ ದಾನ ಕೊಟ್ಟಿದೆ. ದಾನಿಗಳ ಸಾಲಿನಲ್ಲಿ ಯವನರೂ (ಗ್ರೀಕರಿಗೆ ಇಲ್ಲಿದ್ದ ಹೆಸರು) ಇದ್ದಾರೆ.