ಜಗತಿಗೆ ಬೆಳಕು ಬಾರದ ಕಥೆ

ಬೇಲೂರಿನ ಚೆನ್ನಕೇಶವ ದೇವಾಲಯದ ಥರ್ಮೋಕೋಲ್ ಮಾದರಿ ಕಳೆದ ತಿಂಗಳೇ ಮುಗಿದಿತ್ತು. ದೇವಾಲಯ ನಿಂತಿರುವ ನಕ್ಷತ್ರಾಕಾರದ ಕಟ್ಟೆಯ, ಅಂದರೆ ಜಗತಿಯ, ಮೂಲೆಗಳನ್ನು ಕತ್ತರಿಸುವಾಗ ಬೆರಳುಗಳಿಗಾದ ಗತಿಯನ್ನು ಇಲ್ಲಿ ವಿವರಿಸುವುದಿಲ್ಲ. ಉಳಿದದ್ದು ದೀಪದ ಕೆಲಸ ಮಾತ್ರ: ಗರ್ಭಗುಡಿಗೆ ಎರಡು ಕೆಂಪು ಎಲ್‌ಇಡಿ, ಜಗತಿಗೆ ಎರಡು ಬಿಳಿ, ಒಂದು 9 ವೋಲ್ಟ್ ಬ್ಯಾಟರಿ.

ಕೆಂಪಿಗೆ ತಲಾ ಸುಮಾರು 1.9 ವೋಲ್ಟ್, ಬಿಳಿಗೆ ತಲಾ 3 ವೋಲ್ಟ್ ಬೇಕು. ಸರಣಿಯಲ್ಲಿ ಜೋಡಿಸಿದರೆ ಒಟ್ಟು 9.8 ಆಗಿ ಬ್ಯಾಟರಿಯನ್ನೇ ಮೀರುತ್ತದೆ. ಹಾಗಾಗಿ ನಾಲ್ಕನ್ನೂ ಸಮಾಂತರವಾಗಿ ಜೋಡಿಸಿ, ಎಲ್ಲಕ್ಕೂ ಸೇರಿ ಒಂದೇ 470 ಓಮ್ ರೋಧಕ ಹಾಕಿದೆ. ಕೆಂಪು ಬೆಳಗಿತು, ಬಿಳಿ ಕಣ್ಣನ್ನೇ ಬಿಡಲಿಲ್ಲ.

ಸಮಾಂತರ ಶಾಖೆಗಳಿಗೆಲ್ಲ ಒಂದೇ ವಿಭವಾಂತರ (ವೋಲ್ಟೇಜ್) ಎಂದು ಹತ್ತನೆಯ ತರಗತಿಯಲ್ಲಿ ಬಾಯಿಪಾಠ ಮಾಡಿದ್ದ ನಾನು, ದೋಷ ಬಿಳಿ ಎಲ್‌ಇಡಿಗಳದ್ದೇ ಎಂದು ತೀರ್ಮಾನಿಸಿ ಹಾಸನದ ಅಂಗಡಿಗೆ ಹೋಗಿ ಜಗಳ ತೆಗೆದೆ. ಅಂಗಡಿಯವರು ಮರುಮಾತಾಡದೆ ಬಟನ್ ಸೆಲ್ಲಿನ ಎರಡು ಬದಿಗೆ ಅವುಗಳ ಕಾಲುಗಳನ್ನು ತಾಗಿಸಿದರು, ಎರಡೂ ಝಗ್ಗೆಂದವು. (470 ಓಮ್ ಪೊಟ್ಟಣದಲ್ಲಿ 47 ಕಿಲೋ ಓಮ್ ಬೆರೆಸಿ ಕೊಟ್ಟವರೂ ಇವರೇ. ರೋಧಕದ ಮೌಲ್ಯ ಹೇಳುವ ಬಣ್ಣದ ಪಟ್ಟಿಗಳಲ್ಲಿ ಮೂರನೆಯದು ಕಂದೋ ಕಿತ್ತಳೆಯೋ ಎಂದು ನೋಡಲು ಭೂತಗನ್ನಡಿ ಹಿಡಿಯಬೇಕಾಯಿತು.)

ರಾತ್ರಿ ಬೇಸರದಿಂದ ಕೆಂಪು ಎಲ್‌ಇಡಿಗಳ ಬೆಸುಗೆಯನ್ನು ಒಂದೊಂದಾಗಿ ಬಿಡಿಸಿದೆ. ಎರಡನೆಯದು ಕಳಚಿದ ಕ್ಷಣವೇ ಜಗತಿ ಬೆಳಗಿತು! ಮತ್ತೆ ಕೆಂಪನ್ನು ಸೇರಿಸಿ ಮಲ್ಟಿಮೀಟರ್ ಹಿಡಿದರೆ ಅಲ್ಲಿ 1.9 ವೋಲ್ಟ್ ಮಾತ್ರ, ಉಳಿದ 7.1 ವೋಲ್ಟ್ ರೋಧಕದಲ್ಲೇ ಇಳಿಯುತ್ತಿತ್ತು. ಕೆರೆಯ ತೂಬು ತೆರೆದೇ ಇದ್ದರೆ ನೀರು ಕೋಡಿಯ ಮಟ್ಟಕ್ಕೆ ಏರುವುದಾದರೂ ಹೇಗೆ? ಎಲ್ಲ ಶಾಖೆಗಳಿಗೂ ಒಂದೇ ವಿಭವಾಂತರ ಎಂಬ ಪಾಠ ಸರಿಯೇ ಇತ್ತು. ಆ ಮಟ್ಟವನ್ನು ಕೆಂಪು ನಿರ್ಧರಿಸುತ್ತಿತ್ತು.

ಈಗ ಪ್ರತಿ ಶಾಖೆಯಲ್ಲೂ ಎಲ್‌ಇಡಿಯ ಜೊತೆ ಸರಣಿಯಲ್ಲಿ ಅದರದೇ ರೋಧಕವಿದೆ: ಕೆಂಪಿಗೆ 470 ಓಮ್, ಬಿಳಿಗೆ 390. ಎಲ್ಲಕ್ಕೂ ಹೆಚ್ಚುಕಡಿಮೆ 15 ಮಿಲಿಆಂಪಿಯರ್ ಹರಿಯುತ್ತದೆ. ಅಂದಹಾಗೆ, ಮುಂದಿನದು ಗೊರೂರಿನ ಹೇಮಾವತಿ ಅಣೆಕಟ್ಟು. ಹಳೆಯ ಆಟಿಕೆಯ ಮೋಟಾರನ್ನೇ ಡೈನಮೋ ಮಾಡಿ, ಗೇಟು ತೆರೆದಾಗ ದೀಪ ಹತ್ತುವಂತೆ ಮಾಡುವ ಆಸೆಯಿದೆ.

ಅದಕ್ಕೆ ಮೊದಲು, ನಾಲ್ಕು ಶಾಖೆಗಳು ಸೇರಿ ಎಳೆಯುವ 60 ಮಿಲಿಆಂಪಿಯರಿಗೆ ಈ ಪುಟ್ಟ ಬ್ಯಾಟರಿ ಬಹಳ ಹೊತ್ತು ತಾಳದ ಕಾರಣ, ಅಡಾಪ್ಟರ್ ತರಲು ಅದೇ ಅಂಗಡಿಯ ಮೆಟ್ಟಿಲು ಹತ್ತಬೇಕಾಗಿದೆ.