ಒಂದು ರಶೀದಿ ಸಾಕು ಎಂದವರಿಗೆ

2014ರ ಆಟಿಯಲ್ಲಿ, ಅಂದರೆ ತುಳುನಾಡಿನ ಮಳೆಗಾಲದ ತಿಂಗಳಲ್ಲಿ, ನಮ್ಮ ಯುವಕ ಮಂಡಲ ಕೆಸರುಗದ್ದೆ ಕ್ರೀಡಾಕೂಟ ಮಾಡಿತು. ಆಗ ನಾನು ಮಂಡಲದ ಕೋಶಾಧಿಕಾರಿ. ಗ್ರಾಮ ಪಂಚಾಯತಿನಿಂದ 10 ಸಾವಿರ ರೂಪಾಯಿ ಸಹಾಯಧನ ಸಿಕ್ಕಿತ್ತು. ಕೂಟ ಮುಗಿದ ಮೂರನೇ ದಿನ ಫೈಲು ಹಿಡಿದುಕೊಂಡು ಪಂಚಾಯತಿಗೆ ಹೋದೆ. ಮೈಕಿನವರ ಬಿಲ್ಲು, ಶಾಮಿಯಾನದ ಬಿಲ್ಲು, ಗಂಜಿ ಊಟಕ್ಕೆ ತಂದ ಅಕ್ಕಿಯ ಚೀಟಿ, ಬಹುಮಾನದ ಬಾಳೆಗೊನೆ, ತೆಂಗಿನಕಾಯಿಗಳ ಲೆಕ್ಕ, ಗದ್ದೆ ಉತ್ತ ಟಿಲ್ಲರಿನವರಿಗೆ ಕೊಟ್ಟದ್ದು, ಎಲ್ಲವೂ ಅದರಲ್ಲಿತ್ತು. ಹಿಂದಿನ ರಾತ್ರಿ ಒಂದು ಗಂಟೆಯವರೆಗೆ ಕೂತು ಕೂಡಿಸಿ ಬರೆದಿದ್ದೆ. ಅಲ್ಲಿದ್ದವರು ಫೈಲು ಬಿಡಿಸಲೂ ಇಲ್ಲ. "ಇದೆಲ್ಲ ಎಂತಕ್ಕೆ ಮಾರಾಯ? ಮಂಡಲದ ಸೀಲು ಹಾಕಿ ಒಂದು ರಶೀದಿ ಕೊಡು, ಸಾಕು" ಎಂದರು.

ಕೊಟ್ಟು ಬಂದೆ. ನಮ್ಮ ಮೇಲೆ ಅವರಿಗೆ ಎಷ್ಟು ನಂಬಿಕೆ ನೋಡು ಎಂದರು ಗೆಳೆಯರು. ನನಗೆ ಹಾಗೆ ಅನ್ನಿಸಲಿಲ್ಲ. ನಂಬಿ ಕೊಟ್ಟವರು ಏನಾಯಿತು ಎಂದು ಕೇಳುತ್ತಾರೆ. ಎಷ್ಟು ಮಕ್ಕಳು ಓಡಿದರು, ಹೆಂಗಸರ ಹಗ್ಗಜಗ್ಗಾಟ ನಡೆಯಿತೇ, ಜಾರಿ ಬಿದ್ದವರಿಗೆ ಪೆಟ್ಟಾಯಿತೇ ಎಂದಾದರೂ ಕೇಳಬೇಕಿತ್ತು. ಊರಿನ ಹಣ ಊರಿನ ಕೆಲಸಕ್ಕೆ ಹೋಯಿತೋ ಇಲ್ಲವೋ ಎಂಬ ಕುತೂಹಲವೇ ಅಲ್ಲಿರಲಿಲ್ಲ.

2020ರ ಡಿಸೆಂಬರ್‌ನ ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ಗೆದ್ದು ನಾನೇ ಮೇಜಿನ ಆ ಬದಿಗೆ ಹೋಗಿ ಕೂತೆ. ಮಂಡಲದ ಕೋಶಾಧಿಕಾರಿ ಸ್ಥಾನವನ್ನು ಅದೇ ವಾರ ಬಿಟ್ಟೆ. ಕೊಡುವ ಕೈ, ತೆಗೆದುಕೊಳ್ಳುವ ಕೈ ಎರಡೂ ನನ್ನದೇ ಆಗಿರುವುದು ಸರಿ ಕಾಣಲಿಲ್ಲ.

ಸಂಘಗಳಿಗೆ ಕೊಡುವ ದುಡ್ಡು ಎಲ್ಲಿಂದ ಬರುತ್ತದೆ ಎಂದು ಗೊತ್ತಾದದ್ದು ಆಮೇಲೆ. ಕೇಂದ್ರದಿಂದ ಪಂಚಾಯತಿಗೆ ಬರುತ್ತಿದ್ದ 15ನೇ ಹಣಕಾಸು ಆಯೋಗದ (2021-26) ಅನುದಾನದಲ್ಲಿ ಶೇ. 60 ಭಾಗ ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಮೀಸಲಾಗಿತ್ತು. ಉಳಿದದ್ದಕ್ಕೂ ಕ್ರಿಯಾಯೋಜನೆ ಬೇಕಿತ್ತು. ಕ್ರೀಡಾಕೂಟಕ್ಕೆ, ಭಜನೆಗೆ, ಶಾಲಾ ವಾರ್ಷಿಕೋತ್ಸವಕ್ಕೆ ಕೊಡುವುದೇನಿದ್ದರೂ ಸ್ವಂತ ಸಂಪನ್ಮೂಲದಿಂದ, ಅಂದರೆ ಮನೆ ತೆರಿಗೆ, ಅಂಗಡಿ ಪರವಾನಗಿ, ಕಟ್ಟಡದ ಬಾಡಿಗೆಯಿಂದ ಬಂದ ದುಡ್ಡಿನಿಂದ. ಅದರಲ್ಲೂ ಪರಿಶಿಷ್ಟ ಜಾತಿ, ಪಂಗಡದವರ ಅಭಿವೃದ್ಧಿಗೆ ಶೇ. 25, ಅಂಗವಿಕಲರಿಗೆ ಶೇ. 5 ತೆಗೆದಿಡಬೇಕು. ಬೀದಿದೀಪ, ಪಂಪು, ಸಿಬ್ಬಂದಿ ಎಂದು ಕಳೆದು ಉಳಿಯುವುದು ಸ್ವಲ್ಪವೇ. ಆದರೆ ಇಂಥದ್ದಕ್ಕೇ ಖರ್ಚು ಮಾಡಿ ಎಂದು ಮೇಲಿನಿಂದ ಯಾರೂ ಹೇಳದ ಹಣ ಇದೊಂದೇ. ಸದಸ್ಯರ ವಿವೇಚನೆಗೆ ಬಿಟ್ಟದ್ದು.

ಆ ವಿವೇಚನೆ ನಡೆಯುವ ಹೊತ್ತು ಯಾವುದು ಗೊತ್ತೇ? ಸಾಮಾನ್ಯ ಸಭೆಯ ನೋಟಿಸಿನ ಕೊನೆಯ ಸಾಲು: "ಅಧ್ಯಕ್ಷರ ಅಪ್ಪಣೆ ಪಡೆದು ಇತರ ವಿಷಯ". ನೀರಿನ ಜಗಳ, ರಸ್ತೆಯ ಜಗಳ ಮುಗಿದು ಚಾ ಬರುವ ಹೊತ್ತಿಗೆ ಮನವಿಗಳ ಕಟ್ಟು ಹೊರಗೆ ಬರುತ್ತದೆ. ನೋಟಿಸಿನಲ್ಲಿ ಸಂಘದ ಹೆಸರಿಲ್ಲ, ಮೊತ್ತವಿಲ್ಲ. ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ. ಸೂಚಿಸಿದವರೇ ಆ ಸಂಘದ ಗೌರವಾಧ್ಯಕ್ಷರಾಗಿರುವುದೂ ಉಂಟು. ಕೆಟ್ಟ ಉದ್ದೇಶ ಇತ್ತೆಂದು ಹೇಳುತ್ತಿಲ್ಲ. ಹೆಚ್ಚಿನವರು ಊರಿಗಾಗಿ ದುಡಿದವರೇ. ಆದರೆ ಐದು ನಿಮಿಷದಲ್ಲಿ ಐದು ಸಂಘಗಳಿಗೆ ಹಣ ಮಂಜೂರಾದಾಗ, ಮನವಿ ಕೊಡದ ಆರನೆಯ ಸಂಘದ ಪರವಾಗಿ ಮಾತಾಡಲು ಅಲ್ಲಿ ಯಾರೂ ಇರುವುದಿಲ್ಲ.

ಆ ಆರನೆಯದು ಯಾವುದು ಎಂದು ಹುಡುಕಲು ಹಳೆಯ ನಡವಳಿ ಪುಸ್ತಕಗಳನ್ನೂ ಓಚರುಗಳನ್ನೂ ಇಟ್ಟುಕೊಂಡು ಒಂದು ಶನಿವಾರ ಕೂತೆ. ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಅವರು ಬೇಡ ಎನ್ನಲಿಲ್ಲ. ಮೂರು ವರ್ಷದ ಪಟ್ಟಿ ಮಾಡಿದರೆ ಅವೇ ನಾಲ್ಕು ಹೆಸರುಗಳು ಮತ್ತೆ ಮತ್ತೆ. ಎಲ್ಲವೂ ಮುಖ್ಯರಸ್ತೆ ಬದಿಯವು, ಸ್ವಂತ ಕಟ್ಟಡ, ಸೀಲು, ಲೆಟರ್‌ಹೆಡ್ ಇದ್ದವು. ಅವುಗಳಲ್ಲಿ ನನ್ನ ಯುವಕ ಮಂಡಲವೂ ಒಂದು. ಗುಡ್ಡೆಯ ಮೇಲಿನ ಕಾಲೊನಿಯ ಮಹಿಳಾ ಸಂಘಕ್ಕೆ ಒಮ್ಮೆಯೂ ಒಂದು ರೂಪಾಯಿ ಹೋಗಿರಲಿಲ್ಲ. ಆ ಸಂಘದ ಅಕ್ಕನವರನ್ನು ಕೇಳಿದಾಗ ಅವರು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಇದಕ್ಕೆಲ್ಲ ಅರ್ಜಿ ಹಾಕ್ಲಿಕ್ಕೆ ಉಂಟಾ? ನಮಗೆ ಯಾರು ಹೇಳಿದ್ದಾರೆ ಅಣ್ಣ?"

ಹೇಳಬೇಕಾದದ್ದು ಕಾನೂನಿನಲ್ಲೇ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣದ ಪ್ರಕಾರ, ಸಹಾಯಧನ ಹಂಚುವ ರೀತಿ, ಮೊತ್ತ ಮತ್ತು ಪಡೆದವರ ವಿವರವನ್ನು ಯಾರೂ ಮಾಹಿತಿ ಕೇಳಿ ಅರ್ಜಿ ಹಾಕುವ ಮೊದಲೇ ಕಚೇರಿ ತಾನಾಗಿ ಪ್ರಕಟಿಸಬೇಕು. 10 ರೂಪಾಯಿ ಕಟ್ಟಿ 30 ದಿನ ಕಾಯುವುದು ಆಮೇಲಿನ ಮಾತು. ನಮ್ಮ ನೋಟಿಸ್ ಬೋರ್ಡಿನಲ್ಲಿ ನಾಯಿ ಲಸಿಕೆಯ ದಿನಾಂಕವಿತ್ತು. ಇದು ಇರಲಿಲ್ಲ.

ಜಮಾಬಂದಿ ಇದೆಯಲ್ಲ ಎನ್ನಬಹುದು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಹಿಂದಿನ ವರ್ಷದ ಲೆಕ್ಕ, ದಾಖಲೆ, ಕಾಮಗಾರಿಗಳನ್ನು ಜನರ ಎದುರೇ ಪರಿಶೀಲಿಸಬೇಕು. ಒಳ್ಳೆಯ ಏರ್ಪಾಡು, ನನಗೆ ಅದರ ಮೇಲೆ ತುಂಬ ಗೌರವವಿದೆ. ಆದರೆ ಘಟ್ಟದ ಕೆಳಗಿನ ನಮಗೆ ಅದು ಮಳೆ ಮತ್ತು ಅಷ್ಟಮಿ, ಚೌತಿಯ ಕಾಲ, ಜನ ಬರುವುದು ಕಡಿಮೆ. ಬಂದ ಅಧಿಕಾರಿ ಚರಂಡಿಗೆ ಟೇಪು ಹಿಡಿಯುತ್ತಾರೆ, ಕಾಂಕ್ರೀಟು ರಸ್ತೆಯ ಅಗಲ ನೋಡುತ್ತಾರೆ. ಕ್ರೀಡಾಕೂಟಕ್ಕೆ ಕೊಟ್ಟ ದುಡ್ಡಿಗೆ ಎಲ್ಲಿ ಟೇಪು ಹಿಡಿಯುವುದು? ಗದ್ದೆಯಲ್ಲಿ ಈಗ ಪೈರು ನಿಂತಿದೆ. ಶಾಸಕರ, ಸಂಸದರ ಪ್ರದೇಶಾಭಿವೃದ್ಧಿ ನಿಧಿಯಿಂದ ಕಟ್ಟಿದ ಸಮುದಾಯ ಭವನವಾದರೆ ಗೋಡೆಯ ಮೇಲೆ ಫಲಕವಾದರೂ ಇರುತ್ತದೆ, ಬೀಗ ಹಾಕಿದ್ದರೆ ಅದೂ ಕಾಣುತ್ತದೆ. ಕಾರ್ಯಕ್ರಮಕ್ಕೆ ಸಾಕ್ಷಿ ಅಲ್ಲಿಗೆ ಬಂದ ಜನ ಮಾತ್ರ. ಆದ್ದರಿಂದ ಈ ಲೆಕ್ಕವನ್ನು ಜನರ ಎದುರೇ ಗಟ್ಟಿಯಾಗಿ ಓದಬೇಕು, ಬೇರೆ ದಾರಿ ನನಗೆ ಕಾಣಲಿಲ್ಲ.

ಒಂದು ಪುಟದ ನಿರ್ಣಯ ಬರೆದುಕೊಂಡು ಹೋದೆ. ಅರ್ಜಿಗೆ ದಿನಾಂಕ ಗೊತ್ತುಮಾಡಿ ಎಲ್ಲ ವಾರ್ಡುಗಳಲ್ಲಿ ಹೇಳಬೇಕು. ಸಂಘದ ಹೆಸರು, ಮೊತ್ತ ಸಭೆಯ ನೋಟಿಸಿನಲ್ಲೇ ಇರಬೇಕು. ಆ ಸಂಘದ ಪದಾಧಿಕಾರಿ ಸದಸ್ಯರಾಗಿದ್ದರೆ ಆ ವಿಷಯ ಮುಗಿಯುವವರೆಗೆ ಹೊರಗೆ ನಿಲ್ಲಬೇಕು. ಎರಡು ತಿಂಗಳಲ್ಲಿ ಲೆಕ್ಕ ಕೊಟ್ಟು, ಗ್ರಾಮಸಭೆಯಲ್ಲಿ ಓದಬೇಕು. ಓದದವರಿಗೆ ಮುಂದಿನ ವರ್ಷ ಇಲ್ಲ.

"ಐದು ಸಾವಿರಕ್ಕೆ ಇಷ್ಟು ರಂಪ ಯಾಕೆ?" ಎಂದು ಹಿರಿಯ ಸದಸ್ಯರೊಬ್ಬರು ಸಿಟ್ಟಾದರು. ಹತ್ತಾರು ಮನೆಯವರ ತೆರಿಗೆ ಸೇರಿಸಿದರೆ ಆಗುವ ಐದು ಸಾವಿರ ಅದು ಎಂದೆ. ನನ್ನ ಹಳೆಯ ಮಂಡಲದವರೂ ಸ್ವಲ್ಪ ದಿನ ಮಾತು ಬಿಟ್ಟರು. ಅದು ನೋವಾಯಿತು, ಈಗಲೂ ಇದೆ.

ಆದರೆ ನಿಜವಾಗಿ ಯೋಚನೆಗೆ ಹಚ್ಚಿದ ಆಕ್ಷೇಪ ಬಂದದ್ದು ಭಜನಾ ಮಂಡಳಿಯಿಂದ. ಲೆಕ್ಕ ಬರೆಯುವವರು ಎಪ್ಪತ್ತು ದಾಟಿದ ಅಮ್ಮ. ಹೂ ಮಾರುವವಳು ಜಿಎಸ್‌ಟಿ ಬಿಲ್ಲು ಕೊಡುತ್ತಾಳಾ, ಅಡುಗೆಯವನು ವೋಚರಿಗೆ ಸೀಲು ಹಾಕುತ್ತಾನಾ ಎಂದು ಅವರು ಕೇಳಿದ್ದು ಸರಿಯಾಗಿತ್ತು. ಕಾಗದ ಹೆಚ್ಚಿಸಿದರೆ ಗೆಲ್ಲುವುದು ಕಾಗದ ತಯಾರಿಸಲು ಬಲ್ಲ ಸಂಘಗಳೇ, ಮತ್ತೆ ಅವೇ ನಾಲ್ಕು. ಆದ್ದರಿಂದ 10 ಸಾವಿರದ ಒಳಗಿನದಕ್ಕೆ ಕೈಬರಹದ ಲೆಕ್ಕ, ಹಣ ಪಡೆದವರ ಸಹಿ ಸಾಕು ಎಂದು ತಿದ್ದಿದೆವು. ಲೆಕ್ಕಪರಿಶೋಧನೆಗೆ ಬಂದವರು ತಕರಾರು ಮಾಡಿದರೆ ನಾವು ಉತ್ತರ ಕೊಡುವುದು ಎಂದು ನಡವಳಿಯಲ್ಲೇ ಬರೆದೆವು. ಒಂದು ಮತದ ಬಹುಮತದಿಂದ ಪಾಸಾಯಿತು.

ಮುಂದಿನ ಗ್ರಾಮಸಭೆ ಶಾಲೆಯ ಜಗಲಿಯಲ್ಲಿ. ಕಾಲೊನಿಯ ಅಕ್ಕನವರು ಮೊದಲ ಬಾರಿ ಮೈಕಿನ ಮುಂದೆ ನಿಂತು ಹೊಲಿಗೆ ತರಬೇತಿಯ ಲೆಕ್ಕ ಓದಿದರು. ಬಟ್ಟೆ, ನೂಲು, ಕಲಿಸಿದವರ ಬಸ್ಸಿನ ದುಡ್ಡು. ಆಮೇಲೆ ಭಜನಾ ಮಂಡಳಿಯ ಅಮ್ಮ ಶಾಲೆ ಮಕ್ಕಳ ನೋಟು ಪುಸ್ತಕ ಬಿಡಿಸಿ, ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಸಾಲು ಓದಿದರು. ಹೂವು, ಎಣ್ಣೆ, ಅವಲಕ್ಕಿ, ಬೆಲ್ಲ, ತಬಲಕ್ಕೆ ಚರ್ಮ ಹೊದಿಸಿದ್ದು. ಕೊನೆಗೆ ಸೆರಗಿನ ಗಂಟು ಬಿಚ್ಚಿ, ಉಳಿದ 140 ರೂಪಾಯಿಯನ್ನು ಮೇಜಿನ ಮೇಲೆ ಇಟ್ಟರು. ಪಿಡಿಒ ಅವರು ಎದ್ದು ನಿಂತೇ ರಶೀದಿ ಬರೆದು ಕೊಟ್ಟರು.